ಹಳೆಯ ಮೋಟಾರು ದೋಣಿಯ ಪುನಾರಚನೆ: ಆಕರಗಳ ಶೋಧ

ಕರಾವಳಿಯ ಜಾನಪದ ಅಧ್ಯಯನದಲ್ಲಿ ಪಾಡ್ದನ, ಭೂತಾರಾಧನೆ, ಯಕ್ಷಗಾನಗಳಿಗೆ ಸಂದಿರುವ ಗಮನ ದೋಣಿಗೆ ಸಂದಿಲ್ಲ. ಅಷ್ಟಿಷ್ಟು ಸಂದಿದ್ದರೂ ಅದು ಪಾತಿಗೆ, ಹಾಯಿದೋಣಿಗೆ. ಯಂತ್ರ ಕೂಡಿಸಿದ ಮರದ ದೋಣಿಯನ್ನು ನಾವು ‘ಆಧುನಿಕ’ವೆಂದು ಬದಿಗಿರಿಸಿದ್ದೇವೆ. ಈ ಲೇಖಕನೂ ಆ ತಪ್ಪಿಗೆ ಹೊರತಲ್ಲ. ಕಾಪುವಿನಲ್ಲಿ, 1901ರ ದೀಪಸ್ತಂಭಕ್ಕೆ ಅನತಿ ದೂರದ ತೆಂಗಿನ ತೋಟವೊಂದರಲ್ಲಿ ಮಡಲು ಹೊದಿಸಿ ನಿಲ್ಲಿಸಿದ್ದ ಅಂತಹ ದೋಣಿಯನ್ನು ಮತ್ತೆ ನೀರಿಗಿಳಿಸಬೇಕೆಂದು ಹೊರಟ ಅದರ ಒಡೆಯರ ಮೊಮ್ಮಗ, “ಇದರ ನಕ್ಷೆ ಎಲ್ಲಿ ಸಿಕ್ಕೀತು ಸರ್?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಲಿಖಿತ ಆಕರಗಳು ಇಲ್ಲವೆಂದಲ್ಲ, ಚದುರಿವೆ. ದಕ್ಷಿಣ ಕನ್ನಡವು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯಕ್ಕೆ ಸೇರಿತ್ತು. ಉಡುಪಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಹೀಗಾಗಿ ಮೀನುಗಾರಿಕೆಯ ಕಾಗದಪತ್ರಗಳ ಜಾಡು ಉಡುಪಿಯಿಂದ ಮಂಗಳೂರಿಗೆ, ಅಲ್ಲಿಂದ ಮದರಾಸಿಗೆ ಒಯ್ಯುತ್ತದೆ. ಮದರಾಸು ಮೀನುಗಾರಿಕಾ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತೀಯ ದೋಣಿಗಳ ರಚನೆಯನ್ನು ಕುರಿತು ಪ್ರಕಟಿಸಿದ ಪ್ರಬಂಧ ಯಂತ್ರಪೂರ್ವ ರೂಪಗಳಿಗೆ ಇಂದಿಗೂ ಮೊದಲ ಆಕರ. ಮೋಟಾರು ಯುಗಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಜಗತ್ತಿನ ಮೀನುಗಾರಿಕಾ ದೋಣಿಗಳನ್ನು ಕುರಿತು 1955ರಲ್ಲಿ ಮತ್ತು 1960ರಲ್ಲಿ ತಂದ ಸಂಪುಟಗಳಿವೆ. 1957ರಲ್ಲಿ ಸ್ಥಾಪನೆಯಾದ, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿದ್ಧಪಡಿಸಿದ 32 ಅಡಿ, 36 ಅಡಿಗಳ ಮಾದರಿ ನಕ್ಷೆಗಳಿವೆ. ದೋಣಿಗಳ ನೋಂದಣಿಯನ್ನು ವಿಧಿಸಿದ ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರದು. ಅದಕ್ಕೂ ಹಿಂದಿನ ದೋಣಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಆದರೆ ಕಾಗದದ ದೋಣಿಯೂ ದಡದ ದೋಣಿಯೂ ಒಂದೇ ಅಲ್ಲ. ಕಾಪುವಿನ ದೋಣಿಯನ್ನು ಅಳೆದಾಗ ಉದ್ದ 32 ಅಡಿಗೆ ಸರಿಯಾಗಿ ಕೂಡಿತು. ಒಳಗಿನ ಅಡ್ಡಮರಗಳ ನಡುವಣ ಅಂತರ ಮಾತ್ರ ಅಡಿ–ಇಂಚಿನ ಯಾವ ಲೆಕ್ಕಕ್ಕೂ ಬಗ್ಗಲಿಲ್ಲ. ಜೊತೆಗೆ ಬಂದಿದ್ದ ವೃದ್ಧ ಆಚಾರಿಯವರು ಮಾತಾಡದೆ ತಮ್ಮ ಕೋಲನ್ನು ಇಟ್ಟು ತೋರಿಸಿದರು. ಅಂಗುಲ ಅಂಗುಲಕ್ಕೆ ಹೊಂದಿತು. ಉದ್ದವನ್ನು ಸರಕಾರಿ ನಕ್ಷೆ ನಿರ್ಧರಿಸಿತ್ತು, ಒಡಲನ್ನು ಮನೆ ಕಟ್ಟುವ ಕೋಲೇ ಅಳೆದಿತ್ತು. ಮೋಟಾರು ದೋಣಿಯು ಜಾನಪದದ ಪರಿಧಿಯೊಳಗಿನದೆಂದು ವಾದಿಸಲು ನನಗೆ ಇದಕ್ಕಿಂತ ಬೇರೆ ಆಧಾರ ಬೇಕೆನಿಸುವುದಿಲ್ಲ.

ಯಂತ್ರದ ವಿಷಯ ಹೆಚ್ಚು ಸರಳ. ಎಂಜಿನ್ನಿನ ಫಲಕದ ಸಂಖ್ಯೆ ಉಳಿದಿದ್ದರೆ ತಯಾರಿಕೆಯ ಕಾಲವನ್ನು ಹುಡುಕಬಹುದು. ಅಳಿದಿದ್ದರೆ ಅದನ್ನು ಕೂರಿಸಿದ ದಿಮ್ಮಿಯ ತೂತುಗಳನ್ನು ಎಣಿಸಬೇಕು. ಇಲ್ಲಿ ಮೂರು ಜೊತೆ ತೂತುಗಳಿದ್ದವು, ಎಂದರೆ ಮೂರು ಎಂಜಿನ್ನುಗಳು. ಹಲಗೆ ಘಟ್ಟದ ಹೆಬ್ಬಲಸು. ಅದರ ಮೇಲಿನ ಕಪ್ಪು ಲೇಪ ಬೂತಾಯಿ ಎಣ್ಣೆಯೆಂದು ನಾನು ಊಹಿಸಿದ್ದೆ. ಅದು ಗೇರುಬೀಜದ ಸಿಪ್ಪೆಯ ಎಣ್ಣೆ. ಮರ ಕೊರೆಯುವ ಹುಳುವನ್ನು ತಡೆಯುವ ಈ ಎಣ್ಣೆಯ ವಿವರವನ್ನು ಕೊನೆಗೆ ತಿಳಿಸಿದವರು ಕಡಲನ್ನೇ ಕಾಣದ ಕಾರ್ಕಳದ ಗೇರು ಕಾರ್ಖಾನೆಯ ಹಳೆಯ ಕೆಲಸಗಾರರು.

ವಕ್ತೃಗಳು ಇಸವಿ ಹೇಳುವುದಿಲ್ಲ. “ಪರ್ಸೀನ್ ಬರುವ ಮೊದಲು”, “ರಂಪಣಿ ಎಳೆಯುತ್ತಿದ್ದಾಗ” ಎನ್ನುತ್ತಾರೆ. ಪರ್ಸೀನ್ ಬಲೆ ಈ ಕರಾವಳಿಗೆ ವ್ಯಾಪಕವಾಗಿ ಬಂದುದು 1970ರ ದಶಕದ ನಡುವಿನಲ್ಲಿ. ಆ ಗೆರೆಯ ಈಚೆ–ಆಚೆ ಇಟ್ಟು ನೋಡಿದರೆ ನೆನಪು ಕಾಲಾನುಕ್ರಮಕ್ಕೆ ಒಳಪಡುತ್ತದೆ. ಭಾಗಗಳ ಹೆಸರು ಊರಿಂದೂರಿಗೆ ಬದಲಾಗುವುದರಿಂದ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು ಕೈಯಲ್ಲಿರಬೇಕು. ಕಡಲಲ್ಲಿ ಮಡಿದು ದೈವವಾದನೆನ್ನಲಾಗುವ ಬೊಬ್ಬರ್ಯನ ಸ್ಥಾನಗಳ ಹರಕೆಯ ಲೆಕ್ಕಪುಸ್ತಕಗಳನ್ನೂ ಬಿಡಬಾರದು. ನಮ್ಮ ದೋಣಿ ನೀರಿಗಿಳಿದ ದಿನಾಂಕ ದೊರೆತುದು ಅಂತಹ ಒಂದು ಪುಸ್ತಕದಲ್ಲಿ, ಎಣ್ಣೆ ಮತ್ತು ತೆಂಗಿನಕಾಯಿಯ ಖರ್ಚಿನ ನಡುವೆ.

ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಹಳೆಯ ಮನೆಗಳನ್ನು ಕಳಚಿ ತಂದು ಮರಳಿ ನಿಲ್ಲಿಸಿದ ಕ್ರಮ ಇಲ್ಲಿಯೂ ಮಾರ್ಗದರ್ಶಿ. ಆದರೆ ಮನೆಯ ಕಂಬ ನೇರ, ದೋಣಿಯ ಹಲಗೆ ಬಾಗಿದ್ದು; ಬಿಚ್ಚಿದೊಡನೆ ಆ ಬಾಗು ಸಡಿಲಗೊಳ್ಳುತ್ತದೆ. ಆದುದರಿಂದ ಕಳಚುವ ಮೊದಲೇ ಪ್ರತಿ ಅಡ್ಡಮರದ ಬಳಿ ತೆಳು ಹಲಗೆಯಲ್ಲಿ ಅಚ್ಚು ತೆಗೆದೆವು. ಮೊಮ್ಮಗ ಕೊಳೆತ ಹಲಗೆಗಳನ್ನು ಸುಡಲು ರಾಶಿ ಹಾಕಿದ್ದನ್ನು ಕಂಡ ಆಚಾರಿಯವರು ಅವುಗಳನ್ನು ಒಂದೊಂದಾಗಿ ಹೆಕ್ಕಿ ನೆರಳಿಗೆ ಒಯ್ದರು. “ಹೊಸತಕ್ಕೆ ಮೊಳೆ ಎಲ್ಲಿ ಬೀಳಬೇಕೆಂದು ಇದನ್ನಲ್ಲವೇ ಕೇಳುವುದು?” ಎಂದರು.