ಮದ್ದು ಕೊಟ್ಟಿದ್ದು ಕಾರ್ಟರ್, ಗೆದ್ದಿದ್ದು ರೇಗನ್

1980ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಯಾಕೆ ಸೋತ್ರು ಅಂದ್ರೆ ಎಲ್ರೂ ಹೇಳೋದು ಇರಾನ್ ಕಥೆ. ಟೆಹ್ರಾನ್‌ನಲ್ಲಿ 52 ಅಮೆರಿಕನ್ನರು ಒತ್ತೆಯಾಳು. ಬಿಡಿಸೋಕೆ ಹೋದ ಸೈನಿಕರಲ್ಲಿ 8 ಮಂದಿ ಮರುಭೂಮಿಯಲ್ಲೇ ಸತ್ರು. ಸೆರೆಗೆ ಒಂದು ವರ್ಷ ತುಂಬಿದ ದಿನವೇ, ನವೆಂಬರ್ 4ಕ್ಕೆ, ಮತದಾನ. ದೊಡ್ಡ ಪೆಟ್ಟೇ, ಇಲ್ಲ ಅನ್ನಲ್ಲ.

ಆದ್ರೆ ಬಿಕಾಂ ಓದಿದ ನನ್ನ ಕಣ್ಣು ಹೋಗೋದು ಬಡ್ಡಿ ಕಡೆಗೆ. 1979ರ ಆಗಸ್ಟ್‌ನಲ್ಲಿ ಪಾಲ್ ವೋಲ್ಕರ್ ಅವರನ್ನ ಫೆಡರಲ್ ರಿಸರ್ವ್‌ಗೆ, ಅಂದ್ರೆ ಅಲ್ಲಿನ ಆರ್‌ಬಿಐಗೆ, ಮುಖ್ಯಸ್ಥರಾಗಿ ತಂದಿದ್ದು ಕಾರ್ಟರ್ ಅವರೇ. ಬೆಲೆ ಏರಿಕೆ ನಿಲ್ಲಬೇಕಂದ್ರೆ ಸಾಲ ದುಬಾರಿ ಆಗ್ಬೇಕು; ವೋಲ್ಕರ್ ಅದನ್ನೇ ಮಾಡಿದ್ರು. 1980ರ ಏಪ್ರಿಲ್‌ನಲ್ಲಿ ಬ್ಯಾಂಕುಗಳ ಪ್ರೈಮ್ ದರ ಶೇ 20! ಮನೆ ಸಾಲ, ಕಾರು ಸಾಲ ಜನರ ಕೈಗೆಟುಕಲಿಲ್ಲ, ಕೆಲಸ ಹೋದವು. ಆದ್ರೂ ಆ ವರ್ಷದ ಹಣದುಬ್ಬರ ಶೇ 13ರ ಮೇಲೆಯೇ. ಮದ್ದಿನ ಕಹಿ ಬಾಯಲ್ಲಿತ್ತು, ಜ್ವರ ಇಳಿದಿರಲಿಲ್ಲ.

ಮತದಾನಕ್ಕೆ ಒಂದು ವಾರ ಇರುವಾಗ, ಟಿವಿ ಚರ್ಚೆಯಲ್ಲಿ ಎದುರಾಳಿ ರೊನಾಲ್ಡ್ ರೇಗನ್ ಜನರಿಗೇ ಕೇಳಿದ್ರು: ನಾಲ್ಕು ವರ್ಷದ ಹಿಂದಿಗಿಂತ ಈಗ ಚೆನ್ನಾಗಿದ್ದೀರಾ? ಕಾರ್ಟರ್‌ಗೆ ಸಿಕ್ಕಿದ್ದು 538ರಲ್ಲಿ 49 ಎಲೆಕ್ಟೋರಲ್ ಮತ.

1983ಕ್ಕೆ ಹಣದುಬ್ಬರ ಶೇ 4ಕ್ಕಿಂತ ಕೆಳಗಿಳೀತು. 1984ರಲ್ಲಿ ರೇಗನ್ 49 ರಾಜ್ಯ ಗೆದ್ದಾಗಲೂ ಫೆಡರಲ್ ರಿಸರ್ವ್ ಕುರ್ಚಿಯಲ್ಲಿ ಕೂತಿದ್ದವರು ಅದೇ ವೋಲ್ಕರ್.