ವಿಪಿಎನ್ ಸುರಂಗ

ಸಾರ್ವಜನಿಕ ಅಂತರ್ಜಾಲದ ಮೂಲಕ ಎರಡು ಸಾಧನಗಳ ನಡುವೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಸಂಪರ್ಕ. ವಿಪಿಎನ್ ಎಂದರೆ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್.

ಕಾರ್ಯವಿಧಾನ: ಬಳಕೆದಾರರ ಸಾಧನ ಮತ್ತು ವಿಪಿಎನ್ ಸರ್ವರ್ ಮೊದಲು ಗುರುತನ್ನು ಖಚಿತಪಡಿಸಿಕೊಂಡು, ಡಿಫಿ-ಹೆಲ್‌ಮನ್ ವಿಧಾನದಿಂದ ಒಂದೇ ಗುಪ್ತ ಕೀಲಿಯನ್ನು ಲೆಕ್ಕ ಹಾಕಿಕೊಳ್ಳುತ್ತವೆ. ಈ ಕೀಲಿ ಜಾಲದಲ್ಲಿ ಸಾಗುವುದೇ ಇಲ್ಲವಾದ್ದರಿಂದ ದಾರಿಯಲ್ಲಿ ಕದ್ದಾಲಿಸುವವರಿಗೆ ಅದು ಸಿಗದು. ಬಳಿಕ ಪ್ಯಾಕೆಟ್ ಎನ್ನುವ ಮಾಹಿತಿಯ ಪ್ರತಿ ತುಣುಕನ್ನೂ ಎಇಎಸ್ ಅಥವಾ ಚಾಚಾ20ರಂಥ ಸೂತ್ರದಿಂದ ಗೂಢಲಿಪಿಗೆ ತಿರುಗಿಸಿ, ಲಕೋಟೆಯೊಳಗೆ ಲಕೋಟೆ ಇಟ್ಟಂತೆ ಹೊಸ ಪ್ಯಾಕೆಟ್ಟಿನೊಳಗೆ ಸೇರಿಸಲಾಗುತ್ತದೆ. ಹೊರಗಿನ ವಿಳಾಸ ವಿಪಿಎನ್ ಸರ್ವರಿನದು. ನಿಜವಾದ ಗಮ್ಯಸ್ಥಾನ ಒಳಗೆ ಅಡಗಿರುತ್ತದೆ. ಜೊತೆಗಿರುವ ದೃಢೀಕರಣ ಮುದ್ರೆಯಿಂದ, ನಡುವೆ ಒಂದು ಬಿಟ್ ಬದಲಾದರೂ ಪತ್ತೆಯಾಗಿ ಪ್ಯಾಕೆಟ್ ತಿರಸ್ಕೃತವಾಗುತ್ತದೆ.

ಬೆಳವಣಿಗೆ: ಇಂಥ ಸುರಂಗ ಕಟ್ಟುವ ವಿಧಾನಗಳಲ್ಲಿ ಐಪಿಸೆಕ್‌ನ ಮೊದಲ ಮಾನದಂಡಗಳು 1995ರಲ್ಲಿ ಪ್ರಕಟವಾದವು. ಓಪನ್‌ವಿಪಿಎನ್ 2001ರಲ್ಲಿ ಬಂತು. ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ 5.6 ಕರ್ನಲ್‌ಗೆ ಸೇರಿತು. ಸುಮಾರು 4,000 ಸಾಲುಗಳಷ್ಟೇ ಇರುವ ಅದರ ಮೂಲ ಸಂಕೇತವನ್ನು ಪರಿಶೀಲಿಸುವುದು ಸುಲಭ. ಬಳಕೆಯಲ್ಲಿರುವಾಗ ಅದು ಸುಮಾರು 2 ನಿಮಿಷಕ್ಕೊಮ್ಮೆ ಕೀಲಿ ಬದಲಿಸುತ್ತದೆ. ಹೀಗಾಗಿ ಒಂದು ಕೀಲಿ ಬಯಲಾದರೂ ಹಳೆಯ ಸಂವಹನ ಗುಪ್ತವಾಗಿಯೇ ಉಳಿಯುತ್ತದೆ.

ಮಿತಿ: ರಕ್ಷಣೆ ಸರ್ವರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಮಾಹಿತಿ ಕಾಪಾಡಲು, ಜಾಲತಾಣದೊಂದಿಗಿನ ಸಂಪರ್ಕವನ್ನೇ ಗೂಢಲಿಪಿಗೆ ತಿರುಗಿಸುವ ಎಚ್‌ಟಿಟಿಪಿಎಸ್‌ನಂಥ ವ್ಯವಸ್ಥೆ ಬೇಕೇ ಬೇಕು. ಅಂತರ್ಜಾಲ ಸೇವಾದಾರರಿಗೆ ಕಾಣದ ಗಮ್ಯಸ್ಥಾನ ವಿಪಿಎನ್ ಸಂಸ್ಥೆಗೆ ಕಾಣುತ್ತದೆ. ಆದ್ದರಿಂದ ಅದರ ವಿಶ್ವಾಸಾರ್ಹತೆ ಮುಖ್ಯ. ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಸೇವಾದಾರರು ಗ್ರಾಹಕರ ವಿವರಗಳನ್ನು ಕನಿಷ್ಠ 5 ವರ್ಷ ಕಾಯ್ದಿಡಬೇಕು. ಸಂಸ್ಥೆಗಳ ಆಂತರಿಕ ವಿಪಿಎನ್‌ಗಳಿಗೆ ಇದು ಅನ್ವಯಿಸುವುದಿಲ್ಲ.