ಗಜ್ಜರಿಯ ಸಿಹಿ ಇರುವುದು ಚಳಿಯಲ್ಲಿ

ಚಳಿಗಾಲದ ಗಜ್ಜರಿ ಹಸಿಯಾಗಿ ಕಚ್ಚಿದರೂ ಸಿಹಿ. ಅದೇ ಗಜ್ಜರಿ ಬೇಸಿಗೆಯಲ್ಲಿ ಬಂದರೆ ಬಣ್ಣ ಪೇಲವ, ಗಾತ್ರ ಗಿಡ್ಡ, ಬಾಯಿಗೆ ಒಂಥರಾ ಕಹಿ. ದೂರು ಬೀಳುವುದು ಗೊಬ್ಬರದ ಮೇಲೆ. ಆದರೆ ಇದರ ಚರಿತ್ರೆ ನೋಡಿದರೆ ಬೇರೆ ಉತ್ತರ ಸಿಗುತ್ತದೆ.

ಗಜ್ಜರಿ, ಅಂದರೆ ಕ್ಯಾರೆಟ್, ನಮ್ಮ ಮೂಲದ ಬೆಳೆಯಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಇಂದಿನ ಅಫ್ಘಾನಿಸ್ತಾನ, ಇರಾನ್ ಕಡೆ ನೇರಳೆ, ಹಳದಿ ಬಣ್ಣದ ಗಜ್ಜರಿ ಬೆಳೆಯುತ್ತಿದ್ದರು. ಅಲ್ಲಿಂದ ಅದು ಎರಡು ದಾರಿ ಹಿಡಿಯಿತು.

ಒಂದು ದಾರಿ ಅರಬ್ ನಾಡುಗಳ ಮೂಲಕ ಯೂರೋಪಿಗೆ. 17ನೇ ಶತಮಾನದ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಕಿತ್ತಳೆ ಬಣ್ಣದ ತಳಿ ನೆಲೆಯೂರಿತು. ಮುಂದೆ ಫ್ರಾನ್ಸಿನಲ್ಲಿ ನಾಂಟೆಸ್ ತಳಿ ಬಂತು. ಇವೆಲ್ಲ ಚಳಿನಾಡಿನ ಮಕ್ಕಳು. ಕೆಲವು ವಾರ ಗಟ್ಟಿ ಚಳಿ ಸಿಗದಿದ್ದರೆ ಇವು ಹೂವನ್ನೇ ಬಿಡುವುದಿಲ್ಲ. ಹಾಗಾಗಿ ಇವುಗಳ ಬೀಜ ಆಗುವುದು ಹಿಮಾಲಯದ ಕುಲು ಕಣಿವೆಯಂಥ ಕಡೆ.

ಇನ್ನೊಂದು ದಾರಿ ನಮ್ಮ ದೇಶಕ್ಕೆ. ಉತ್ತರದ ಬಯಲಿನ ಕೆಂಪು, ಕಪ್ಪು ಗಜ್ಜರಿ ಹೆಚ್ಚು ಬಿಸಿಲು ತಡೆಯುವುದನ್ನು ಕಲಿತವು. ಬಯಲಿನ ಚಳಿಯಲ್ಲೇ ಹೂ ಬಿಟ್ಟವು. ರೈತ ತನ್ನ ಹೊಲದ ಬೀಜವನ್ನೇ ಮತ್ತೆ ಬಿತ್ತಬಹುದಿತ್ತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಈ ಕೆಂಪು ನಾಟಿಯನ್ನು ನಾಂಟೆಸ್ ಜೊತೆ ಕೂಡಿಸಿ 'ಪೂಸಾ ಕೇಸರ್' ತಳಿ ಮಾಡಿತು. ಅದರ ಬೀಜವೂ ಬಯಲಿನಲ್ಲೇ ಆಗುತ್ತದೆ.

ಬಿಸಿಲು ತಡೆದ ನಾಟಿಗೂ ಸಿಹಿಗೆ ಚಳಿಯೇ ಬೇಕು. ಗಾಜರ್ ಹಲ್ವಾ ಉತ್ತರದಲ್ಲಿ ಚಳಿಗಾಲದ ಸಿಹಿಯಾಗಿ ಉಳಿದದ್ದು ಅದಕ್ಕೇ. ಹಗಲು ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿದು ಕೂಡಬೇಕು. ರಾತ್ರಿ ಸೆಕೆಯಾದರೆ ಗಿಡ ಉಸಿರಾಟಕ್ಕೇ ಅದನ್ನು ಹೆಚ್ಚು ಸುಡುತ್ತದೆ. ಜೊತೆಗೆ ಟರ್ಪೀನ್ ಎಂಬ ಘಾಟು ಪದಾರ್ಥ ಹೆಚ್ಚಿ, ಇದ್ದ ಸಿಹಿಯನ್ನೂ ಮುಚ್ಚುತ್ತದೆ.

ಪೋಷಣೆಯ ಕಥೆಯೂ ಇದೇ. ಕಿತ್ತಳೆ ಬಣ್ಣ ಕೊಡುವ ಕ್ಯಾರೋಟಿನ್ ನಮ್ಮ ದೇಹದಲ್ಲಿ ಎ ವಿಟಮಿನ್ ಆಗುತ್ತದೆ. ಅದು ಕಡಿಮೆಯಾದರೆ ಮಕ್ಕಳಿಗೆ ಇರುಳುಗುರುಡು. ಬಣ್ಣ ಚೆನ್ನಾಗಿ ಕೂಡುವುದು 15ರಿಂದ 20 ಡಿಗ್ರಿ ತಂಪಿನಲ್ಲಿ. ಸೆಕೆ ಅದಕ್ಕಿಂತ ತುಂಬಾ ಏರಿದರೆ ಬಣ್ಣ ಇಳಿಯುತ್ತದೆ, ಬಣ್ಣದ ಜೊತೆ ಕ್ಯಾರೋಟಿನ್ ಕೂಡ.

ಕೋಲಾರ, ಚಿಕ್ಕಬಳ್ಳಾಪುರದ ಕ್ಯಾರೆಟ್ ನಿಂತಿರುವುದೂ ಎತ್ತರದ ನೆಲದ ತಂಪಿನ ಮೇಲೆ. ಆ ರಾತ್ರಿಗಳು ಬೆಚ್ಚಗಾದರೆ ಮೊದಲು ಹೋಗುವುದು ರುಚಿ. ಮಾರುಕಟ್ಟೆ ಉದ್ದ, ನುಣುಪು ನೋಡಿ ದರ ಕಟ್ಟುತ್ತದೆ. ರುಚಿಯ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಿಂದೆ ಗಜ್ಜರಿ ಸೆಕೆಯ ನಾಡಿಗೆ ಹೊಂದಿಕೊಳ್ಳಲು ನೂರಾರು ವರ್ಷ ಸಿಕ್ಕಿತ್ತು. ಈಗ ಅಷ್ಟು ಪುರುಸೊತ್ತಿಲ್ಲ. ನಿಮ್ಮೂರಲ್ಲಿ ಯಾರಾದರೂ ನಾಟಿ ಗಜ್ಜರಿ ಬೀಜ ಉಳಿಸಿಕೊಂಡಿದ್ದರೆ ಒಂದು ಹಿಡಿ ಕೇಳಿ ಇಸಕೊಳ್ಳಿ. ಚಳಿಗೆ ಸರಿಯಾಗಿ ಬಿತ್ತಿ, ಒಂದೆರಡು ಸಾಲು ಹೂವಿಗೆ ಬಿಡಿ. ಅದು ಬಿಸಿಲಿನ ಪಾಠ ಕಲಿತ ಬೀಜ.